ಮೇಷ್ಟರ ಅಡ್ಡಹೆಸರು

ಯುರೋಪಿನಲ್ಲಿ ನಾಜಿಗಳು ಕೊಂದ ಯಹೂದಿಗಳ ನೆನಪಿಗೆ ಸಾಗರದಲ್ಲಿ ಒಂದು ಕಾರ್ಯಕ್ರಮ ಮಾಡೋಣ ಎಂದು ನಮ್ಮ ಓದುಗರ ಬಳಗದಲ್ಲಿ ಹೇಳಿದವಳು ನಾನೇ. ತೀರ್ಥಹಳ್ಳಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ, ಜರ್ಮನಿಯ ಆ ಸರ್ವಾಧಿಕಾರಿಯನ್ನು ಗಟ್ಟಿ ಮನುಷ್ಯ ಎಂದು ಮೆಚ್ಚುವ ವಿದ್ಯಾರ್ಥಿಗಳನ್ನು ಕಂಡು ಸುಮ್ಮನಿರಲು ಆಗಿರಲಿಲ್ಲ. ಎಲ್ಲರೂ ಒಪ್ಪಿದರು. ಚಿತ್ರಗಳ ಪ್ರದರ್ಶನ, ಒಂದು ಉಪನ್ಯಾಸ, ಕೊನೆಗೆ ಸತ್ತ ಮಕ್ಕಳಲ್ಲಿ ಕೆಲವರ ಹೆಸರು ಓದುವುದು ಎಂದಾಯಿತು. ಅಧ್ಯಕ್ಷತೆಗೆ ಹೊಸನಗರದ ನಿವೃತ್ತ ಹೆಡ್ಮೇಷ್ಟರನ್ನು ಕರೆಯೋಣ ಎಂದು ಯಾರೋ ಅಂದರು; ಕೇಳಿದಾಗ ಅವರೂ ಒಪ್ಪಿಕೊಂಡರು. ಅಂದಿನಿಂದ ನನ್ನ ನೆಮ್ಮದಿ ಹೋಯಿತು.

ಅವರು ನನಗೂ ಮೇಷ್ಟರು. ಬೆತ್ತ ಹಿಡಿದು ವರಾಂಡದಲ್ಲಿ ನಡೆದರೆ ಇಡೀ ಶಾಲೆ ಉಸಿರು ಬಿಗಿಹಿಡಿಯುತ್ತಿತ್ತು. ಅದಕ್ಕೇ ಊರು ಅವರಿಗೆ ಆ ಸರ್ವಾಧಿಕಾರಿಯ ಹೆಸರನ್ನೇ ಇಟ್ಟಿತ್ತು. ಅವರಿಗೂ ಅದು ಬಿರುದಿನ ಹಾಗೆ. ಮದುವೆಮನೆಗಳಲ್ಲಿ ತಾವೇ ಹೇಳಿಕೊಂಡು ನಗುತ್ತಿದ್ದರು. ವೇದಿಕೆಯ ಮೇಲೂ ಹೇಳಿಬಿಟ್ಟರೆ?

ಎರಡು ಸಲ ಫೋನ್ ಮಾಡಿ, ಬೇರೇನೋ ಮಾತಾಡಿ ಇಟ್ಟೆ. ಕೊನೆಗೆ ಒಂದು ಭಾನುವಾರ ಚಿತ್ರಗಳ ಸುರುಳಿ ಹಿಡಿದು ಹೊಸನಗರದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ತಿದ್ದುತ್ತಿದ್ದೆ. ಇಳಿಯುವಾಗ ಒಂದೂ ನೆನಪಿರಲಿಲ್ಲ.

ಮೇಷ್ಟರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದರು. ನಾನು ಚಿತ್ರಗಳನ್ನು ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು. ರೈಲು ಹಳಿಯ ಪಕ್ಕ ಸಾಲಾಗಿ ನಿಂತ ಮಕ್ಕಳ ಚಿತ್ರ ಬಂದಾಗ, ಇವರನ್ನು ಯಾಕೆ ನಿಲ್ಲಿಸಿದ್ದಾರೆ ಎಂದು ಕೇಳಿದರು. ಯಾರು ದುಡಿಯಬಲ್ಲರು, ಯಾರನ್ನು ಕೊಲ್ಲಬೇಕು ಎಂದು ಆರಿಸುವುದಕ್ಕೆ ಎಂದೆ. ಅವರು ಚಿತ್ರವನ್ನು ಮಗುಚಿ ಇಟ್ಟರು.

“ನನ್ನ ಆ ಹೆಸ್ರಿನ ವಿಷ್ಯ ನಿಂಗೆ ಹೇಳಕ್ಕೆ ಕಷ್ಟ ಆಗ್ತಿದೆ ಅಲ್ವಾ ಮಾರಾಯ್ತಿ? ನಾನು ಅಧ್ಯಕ್ಷ ಆಗೋದು ಬೇಡ. ಬೇರೆಯವ್ರನ್ನ ಕರೀರಿ.”

ಕೇಳುವುದಕ್ಕಾದರೂ ಬರಲೇಬೇಕು ಎಂದೆ. ಅವರು ಚಿತ್ರಗಳನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟರು. ಅವರಿಗೆ ಸಿಟ್ಟು ಬಂತೋ, ನೋವಾಯಿತೋ ತಿಳಿಯದೆ ವಾರವಿಡೀ ಒದ್ದಾಡಿದೆ.

ಕಾರ್ಯಕ್ರಮದ ದಿನ ಅವರು ಬಂದು ಕೊನೆಯ ಸಾಲಿನಲ್ಲಿ ಕೂತರು. ಅವರ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಸಾಗರದಲ್ಲಿ ಅಂಗಡಿ ಇಟ್ಟವನು, ದೂರದಿಂದಲೇ ಆ ಹೆಸರು ಹಿಡಿದು ಕರೆದ.

“ಇನ್ನು ಹಂಗೆ ಕರೀಬೇಡ ಕಣೋ,” ಎಂದರು ಮೇಷ್ಟರು.

ಅವನು ತಮಾಷೆಯೆಂದು ನಕ್ಕ. ಅವರು ನಗಲಿಲ್ಲ. ಗೋಡೆಯ ಮೇಲಿನ ಚಿತ್ರ ತೋರಿಸಿ, ಹೋಗಿ ನೋಡಿಕೊಂಡು ಬಾ ಎಂದರು.

ಹೆಸರು ಓದಬೇಕಾಗಿದ್ದ ಬಳಗದ ಗೆಳತಿ ಸ್ವಲ್ಪ ಓದುವಷ್ಟರಲ್ಲೇ ಮುಂದೆ ಓದಲಾರದೆ ಹಾಳೆ ಕೆಳಗಿಳಿಸಿದಳು. ಮೇಷ್ಟರು ಎದ್ದು ಬಂದು ಹಾಳೆ ತೆಗೆದುಕೊಂಡರು. ಹಾಜರಿ ಕೂಗುವ ದನಿಯಲ್ಲೇ ಓದಿದರು. ಗೊತ್ತಿಲ್ಲದ ಭಾಷೆಯ ಹೆಸರುಗಳಲ್ಲಿ ಎಡವುತ್ತ, ಪ್ರತಿ ಹೆಸರಾದ ಮೇಲೂ ಅಭ್ಯಾಸಬಲದಿಂದ ತಲೆಯೆತ್ತಿ ನೋಡುತ್ತಿದ್ದರು.

ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

“ಹೆಸರೆಲ್ಲ ತಪ್ಪು ತಪ್ಪು ಓದ್ದೆ. ಮೊದ್ಲೇ ಕೊಟ್ಟಿದ್ರೆ ಕಲ್ತ್ಕೊಂಡು ಬರ್ತಿದ್ದೆ.”

ಸರಿಯಾದ ಉಚ್ಚಾರ ನನಗೂ ಗೊತ್ತಿಲ್ಲ ಎಂದೆ. ಗೊತ್ತಿರುವವರನ್ನು ಕೇಳಿ ತಿಳಿದುಕೋ ಎಂದು ಗದರಿ, ಹೊಸನಗರದ ಬಸ್ಸಿಗೆ ಹೊರಟರು.