ಹೊತ್ತು ಮುಳುಗುವ ತನಕ

ನಾನು ಸಾಲಿ ಬಿಟ್ಟದ್ದು ೧೯೪೮ರಲ್ಲಿ. ಆರನೇ ಇಯತ್ತೆ ಅರ್ಧಕ್ಕೇ ನಿಂತಿತು. ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದ ವರ್ಷ ಅದು. ನಮ್ಮ ಮನೆಯಲ್ಲಿ ಅಪ್ಪ ಹೋಗಿದ್ದ. ಪಾಟಿಚೀಲ ಗೂಟಕ್ಕೆ ಸಿಕ್ಕಿಸಿದ ಮರುದಿನವೇ ನನ್ನ ರಟ್ಟೆ ಹಿಡಿದು ಮಗ್ಗದ ಕುಣಿಗೆ ಇಳಿಸಿದ್ದು ಎರಡು ಚಪ್ಪಟೆ ಕೈಗಳು. ಅಂಥ ಅಂಗೈಯನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ರೊಟ್ಟಿ ಬಡಿದೂ ಬಡಿದೂ ಗೆರೆಗಳೆಲ್ಲ ಅಳಿಸಿಹೋಗಿ, ಹಲಗೆಯ ಹಾಗೆ ನುಣ್ಣಗಾಗಿತ್ತು. ಒಮ್ಮೆ ಕೈನೋಡಿ ಭವಿಷ್ಯ ಹೇಳುವವನೊಬ್ಬ ಓಣಿಗೆ ಬಂದಿದ್ದ. ಆ ಕೈ ತಿರುಗಿಸಿ ನೋಡಿ, "ಇಲ್ಲಿ ಓದಾಕ ಏನೂ ಇಲ್ಲಲ್ಲಬೇ" ಅಂದ.

"ಬರದದ್ದೆಲ್ಲಾ ರೊಟ್ಟಿಗಿ ಹತ್ತಿ ಹೋಗೇತಿ. ಉಂಡವರನ್ನ ಕೇಳು" ಎಂದು ಆಕೆ ಅವನಿಗೂ ಒಂದು ರೊಟ್ಟಿ ಕೊಟ್ಟು ಕಳಿಸಿದಳು.

ಬನಹಟ್ಟಿಯ ನಮ್ಮ ಓಣಿಗೆಲ್ಲ ಆಕೆ ಆಯಿ. ನನಗೆ ರಕ್ತಸಂಬಂಧವಲ್ಲ, ಗೋಡೆಯ ಸಂಬಂಧ. ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಗಂಡ ತೀರಿಹೋದ ಮೇಲೆ ಅವನ ಮೂರು ಮಗ್ಗಗಳನ್ನು ಮಾರದೆ ತಾನೇ ನಡೆಸಿದ ಹೆಂಗಸು. ನನಗೆ ಲಾಳಿ ಹಿಡಿಯುವುದನ್ನು ಕಲಿಸಿದವಳು ಆಕೆಯೇ. ಮೊದಮೊದಲು ಎಳೆ ಕಡಿದಾಗಲೆಲ್ಲ ನಾನು "ಆಯೀ" ಎಂದು ಕೂಗುತ್ತಿದ್ದೆ. ಆಕೆ ಒಲೆಯ ಮುಂದಿನಿಂದ ಏಳದೆ ಹೇಳುತ್ತಿದ್ದಳು: "ಎಳಿ ಕಡದರ ಒದರಬಾರದಲೇ, ಗಂಟ ಹಾಕಬೇಕು."

ಆಯಿ ಹೊರಗಿನದನ್ನು ಉಣ್ಣುತ್ತಿರಲಿಲ್ಲ. ರಬಕವಿಗೆ ಮದುವೆಗೆ ಹೋದರೂ ಸೆರಗಿನಲ್ಲಿ ಎರಡು ರೊಟ್ಟಿ ಇರುತ್ತಿದ್ದವು. ಮಂದಿ ಇದನ್ನು ಮಡಿ ಅಂದುಕೊಂಡಿದ್ದರು. ಮಡಿಯಲ್ಲ, ಅಂಜಿಕೆ. ಆಕೆಯ ಗಂಡ ಪಂಢರಪುರದ ದಾರಿಯಲ್ಲಿ ಯಾರದೋ ಅಂಗಡಿಯಲ್ಲಿ ಒಂದು ತಾಟು ಉಂಡಿದ್ದ. ವಾಂತಿಭೇದಿ ಹತ್ತಿತು. ಆಯಿ ಪಕ್ಕದಲ್ಲೇ ಇದ್ದಳು. "ಮುಂಜಾನೆ ಉಂಡಾಂವ, ಹೊತ್ತು ಮುಳುಗೂದರೊಳಗ ಇರಲಿಲ್ಲ" ಎಂದು ಒಂದೇ ಒಂದು ಸಲ ನನಗೆ ಹೇಳಿದ್ದಳು. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಅಂಥವಳು ರಾಮೇಶ್ವರಕ್ಕೆ ಹೊರಟಳು. ಮುಂಬಯಿ ಸರ್ಕಾರದ ಕೊನೆಕೊನೆಯ ಒಂದು ಕಾರ್ತಿಕದಲ್ಲಿ ಓಣಿಯ ನೇಕಾರರೆಲ್ಲ ಸೇರಿ ಯಾತ್ರೆಯ ಮಾತು ತೆಗೆದಾಗ, "ನಾನೂ ಬರತೀನಿ. ಅಂವಾ ಸಮುದ್ರ ನೋಡಬೇಕಂತಿದ್ದ" ಅಂದಳು. ಕರಾರು ಮಾತ್ರ ತನ್ನದು: "ನನ್ನ ಬುತ್ತಿ ಉಣ್ಣೂದಿದ್ರ ಬರ್ರಿ. ದಾರ್ಯಾಗ ಯಾರೂ ಹೊರಗಿಂದು ಬಾಯಿಗಿ ಹಾಕೂದಿಲ್ಲಂತ ಆಣಿ ಮಾಡ್ರಿ."

ಎಲ್ಲರೂ ಆಣೆ ಮಾಡಿದೆವು. ನಾನು, ನನ್ನ ಹೊಸ ಹೆಂಡತಿ, ನೂಲಿಗೆ ಬಣ್ಣ ಹಾಕುವ ಕಾಕಾ, ಮತ್ತೆ ಓಣಿಯ ನಾಲ್ಕಾರು ಮಂದಿ. ಆಯಿ ಹಗಲೆಲ್ಲ ಕೂತು ರೊಟ್ಟಿ ಬಡಿದಳು. ತೆಳ್ಳಗೆ, ಕಾಗದದ ಹಾಗೆ. ಬಿಸಿಲಿಗೆ ಒಣಗಿಸಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದಳು. ನಮ್ಮ ಕಡೆಯ ಕಟಕರೊಟ್ಟಿ ತಿಂಗಳುಗಟ್ಟಲೆ ಇದ್ದರೂ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ. "ರಾಮೇಶ್ವರಕ್ಕ ಏನು, ಲಂಕಾಕ್ಕ ಹೋದರೂ ಸಾಕು" ಎಂದು ಗಂಟಿನ ಮೇಲೆ ಕೈ ತಟ್ಟಿದಳು.

ಕುಡಚಿಯಲ್ಲಿ ರೈಲುಗಾಡಿ ಹತ್ತಿದೆವು. ಹುಬ್ಬಳ್ಳಿ ದಾಟುವ ಹೊತ್ತಿಗೆ ನನ್ನ ಹೆಂಡತಿಗೆ ಓಕರಿಕೆ ಶುರುವಾಯಿತು. ಗಾಡಿಯ ಕುಲುಕಾಟವೆಂದು ನಾನು ತಿಳಿದೆ. ಆಯಿ ಅವಳ ಮುಖ ನೋಡಿ, ಕಣ್ಣಿನ ಕೆಳಗೆ ಬೆರಳಿಟ್ಟು, ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. "ಲೇ ಶಾಣ್ಯಾ, ನೀ ಅಪ್ಪ ಆಗಾಕತ್ತೀದಿ." ತಿರುಗಿ ಹೋಗುವ ಮಾತು ನಾನು ತೆಗೆದೆ. ಹೆಂಡತಿಯೇ ಒಲ್ಲೆನೆಂದಳು.

ಸಮುದ್ರದ ಮೇಲಿನ ಸೇತುವೆಯಲ್ಲಿ ಗಾಡಿ ಹಾಯ್ದಾಗ ಎಲ್ಲರೂ ಕಿಟಕಿಗೆ ಬಗ್ಗಿದೆವು. ಕೆಳಗೆ ನೆಲವೇ ಇಲ್ಲ. ಗಲಗಲಿಯ ಹತ್ತಿರ ತುಂಬಿದ ಕೃಷ್ಣೆಯನ್ನು ಕಂಡವರು ನಾವು. ಅದಕ್ಕಾದರೂ ಆಚೆಯ ದಂಡೆ ಇರುತ್ತದೆ. ರಾಮೇಶ್ವರವೇ ಒಂದು ನಡುಗಡ್ಡೆ, ಅದರ ತುದಿಗೆ ಧನುಷ್ಕೋಟಿ. ಬಿಳುಪು ಕೊಟ್ಟ ನೂಲು ಹರವಿದಂಥ ಉಸುಕು, ಒಂದು ಬದಿಗೆ ಅಲ್ಲಾಡದ ಹಸಿರು ನೀರು, ಇನ್ನೊಂದು ಬದಿಗೆ ನೊರೆಯೆಬ್ಬಿಸಿ ಬರುವ ಕಪ್ಪು ನೀರು. ಎರಡು ಸಮುದ್ರ ಕೂಡುವ ಜಾಗದಲ್ಲಿ ಆಯಿ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತು ಬಗ್ಗಿ ನೋಡಿದಳು. ಸೀರೆಯ ಒಡಲಿಗೆ ಸೆರಗು ಕೂಡಿಸಿ ನೇಯುವವಳ ಕಣ್ಣು ಅದು.

"ಕೂಡಿಸಿದ್ದು ಎಲ್ಲೂ ಕಾಣೂದಿಲ್ಲ ನೋಡಲೇ. ಹಿಂಗ ನೇಯಬೇಕು" ಅಂದಳು.

ತಾಳೆಯ ಮರಗಳು, ದಂಡೆಯ ಗುಂಟ ಶಂಖ ಮಾರುವವರು, ಮೀನಿನ ವಾಸನೆಯ ಗಾಳಿ. ಎರಡು ದಿನ ಹಬ್ಬವಾಯಿತು. ಮೂರನೆಯ ದಿನ ಮೋಡ ಇಳಿಯಿತು. ಗಾಳಿ ಎಂಥದೆಂದರೆ ತಾಳೆಯ ಗರಿಗಳು ನೆಲಕ್ಕೆ ಬಾಗಿ ಏಳುತ್ತಿದ್ದವು. ಸೇತುವೆಯ ಮೇಲೆ ಗಾಡಿ ಬಿಡುವುದನ್ನು ನಿಲ್ಲಿಸಿದರು. ದೋಣಿಗಳನ್ನೂ ದಂಡೆಗೆ ಎಳೆದು ಕಟ್ಟಿದರು. ಗಾಳಿ ನಿಲ್ಲುವ ತನಕ ಆ ನಡುಗಡ್ಡೆಯಿಂದ ಯಾರೂ ಹೊರಗೆ ಹೋಗುವ ಹಾಗಿರಲಿಲ್ಲ.

ಅಂದೇ ಆಯಿ ಉಳಿದ ಬುತ್ತಿಯ ಗಂಟು ಬಿಚ್ಚಿ ಕೈ ಹಿಂದಕ್ಕೆ ತಗೊಂಡಳು. ನಾವೆಲ್ಲ ಬಗ್ಗಿ ನೋಡಿದೆವು. ಕಟಕರೊಟ್ಟಿ ಮೆತ್ತಗೆ ತೊಗಲಿನಂತಾಗಿತ್ತು. ಎತ್ತಿದರೆ ಜೋಲು ಬೀಳುತ್ತಿತ್ತು. ಒಳಗೆಲ್ಲ ಹಸಿರು ಬೂಸಲು. ಚಟ್ನಿಯೂ ಮುಗ್ಗಿತ್ತು. ನಮ್ಮ ಊರಿನ ಒಣ ಗಾಳಿಯನ್ನು ನಂಬಿ ಕಟ್ಟಿದ ಬುತ್ತಿ. ಉಪ್ಪುಗಾಳಿಯ ಲೆಕ್ಕ ಬನಹಟ್ಟಿಯಲ್ಲಿ ಯಾರಿಗೆ ಗೊತ್ತು?

ಬಣ್ಣದ ಕಾಕಾ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದ. "ಯಕ್ಕಾ, ನಿನ್ನ ರೊಟ್ಟಿಗಿ ನನಗಿಂತ ಛಲೋ ಹಸರ ಬಣ್ಣ ಹತ್ತೇತಿ."

ಯಾರೂ ನಗಲಿಲ್ಲ. ಆಯಿ ಗಂಟು ಎತ್ತಿಕೊಂಡು ಮಳೆಯಲ್ಲೇ ದಂಡೆಗೆ ಹೋಗಿ ಎಲ್ಲವನ್ನೂ ನೀರಿಗೆ ಬಿಟ್ಟು ಬಂದಳು.

ಅಲ್ಲಿಂದ ಎಳನೀರಿನ ಮೇಲೆ ಬದುಕಿದೆವು. "ಅದನ್ನ ದೇವರ ಮುಚ್ಚಿ ಇಟ್ಟಾನ, ಅಂಜಿಕಿ ಇಲ್ಲ" ಎಂದು ಆಯಿ ಅಪ್ಪಣೆ ಕೊಟ್ಟಿದ್ದಳು. ಬಾಳೆಹಣ್ಣು ಒಂದೇ ದಿನಕ್ಕೆ ಅಂಗಡಿಗಳಲ್ಲಿ ಖಾಲಿಯಾದವು. ನಾವೇ ಬೇಯಿಸಿಕೊಳ್ಳೋಣವೆಂದರೆ, ರಾಮೇಶ್ವರದ ಗುಡಿಯ ಹತ್ತಿರ ನಾವು ಇಳಿದಿದ್ದ ಛತ್ರದ ಒಲೆಗಳಿದ್ದ ಹಿತ್ತಲಲ್ಲಿ ನೀರು ನಿಂತಿತ್ತು. ಪಾತ್ರೆಯೆಂದು ನಾವು ತಂದದ್ದು ತಂಬಿಗೆಗಳನ್ನು ಮಾತ್ರ. ಛತ್ರದ ಎದುರಿಗೆ ಒಂದು ತಾಳೆಗರಿಯ ಮನೆ. ಅಲ್ಲಿಯ ಹೆಂಗಸು ಯಾತ್ರಿಕರಿಗೆ ಗಂಜಿ, ಕಡುಬು ಮಾಡಿ ಹಾಕುತ್ತಿದ್ದಳು. ಆ ಹೊಗೆ ನಮ್ಮ ಮೂಗಿಗೇ ಬಂದು ಬಡಿಯುತ್ತಿತ್ತು. ಆಣೆ ನಮ್ಮನ್ನು ಹಿಡಿದು ಕೂರಿಸಿತ್ತು. ಅದರ ಮೇಲೆ, ಮಳೆ ಹತ್ತಿದಂದಿನಿಂದ ಊರಲ್ಲಿ ವಾಂತಿಭೇದಿ ಬೇನೆಯ ಸುದ್ದಿ. ಖರೆಯೋ ಸುಳ್ಳೋ, ಭಾಷೆ ತಿಳಿಯದ ನಮಗೆ ಯಾರನ್ನು ಕೇಳಬೇಕು?

ಎರಡನೆಯ ಮುಂಜಾನೆ ನನ್ನ ಹೆಂಡತಿ ಏಳಲು ಹೋಗಿ ಗೋಡೆ ಹಿಡಿದು ಕುಸಿದಳು. ಎಳನೀರೂ ನಿಲ್ಲುತ್ತಿರಲಿಲ್ಲ. ತುಟಿ ಬೆಳ್ಳಗಾಗಿತ್ತು. ನಾನು ತಂಬಿಗೆ ಹಿಡಿದು ಎದ್ದೆ.

"ಎಲ್ಲಿಗಿ?" ಬಾಗಿಲಲ್ಲಿ ಆಯಿ.

"ಗಂಜಿ ತರತೀನಿ."

"ಆಣಿ ಮಾಡೀದಿ."

"ಆಣಿ ತಗೊಂಡು ಏನ ಮಾಡ್ಲಿ ಆಯಿ? ಅಕಿ ಬಸುರಿ ಅದಾಳ."

"ಅದಕ್ಕ ಬ್ಯಾಡ ಅನ್ನಾಕತ್ತೀನಿ. ಎರಡ ಜೀವ. ನೀ ಉಣಿಸಿ ಆತು, ಮುಂದ? ನಾ ನೋಡೀನಿ. ನೀ ನೋಡಿಲ್ಲ."

"ಉಣಿಸಲಿಲ್ಲಂದ್ರೂ ಎರಡ ಜೀವನ ಹೋಗ್ತಾವ. ಅತ್ತ ಸರಿ ಆಯಿ, ಹಾದಿ ಬಿಡು."

ನನ್ನ ದನಿ ಏರಿತ್ತು. ಆಕೆಯ ಮುಂದೆ ನಾನು ಎಂದೂ ಹಾಗೆ ಮಾತಾಡಿದವನಲ್ಲ. ಆಯಿ ನನ್ನನ್ನು ನೋಡಲಿಲ್ಲ, ಗೋಡೆಗೆ ಒರಗಿದ್ದ ಹುಡುಗಿಯನ್ನು ನೋಡಿದಳು. ಆಮೇಲೆ ನನ್ನ ಕೈಯ ತಂಬಿಗೆ ಇಸಿದುಕೊಂಡಳು.

"ನೀ ಕೂಡು. ನಾ ಹೋಗತೀನಿ."

ಗರಿಯ ಮನೆಯ ಮುಂದೆ ಆಕೆ ಕೂತದ್ದು ನಮಗೆ ಕಾಣುತ್ತಿತ್ತು. ಮೊದಲು ಆ ಹೆಂಗಸಿನ ನೀರಿನ ಕೊಡದಲ್ಲಿ ಇಣುಕಿದಳು. ಗಡಿಗೆಯ ಮುಚ್ಚಳ ತೆಗೆದು ಮೂಸಿದಳು. ಆ ಹೆಂಗಸು ಸಿಟ್ಟಿನಿಂದ ಏನೋ ಅಂದಳು. ಆಯಿ ಎಲೆ ಮುಂದೆ ಒಡ್ಡಿದಳು. ಎರಡು ಬಿಳಿ ಕಡುಬು, ಕೊಬ್ಬರಿ ಚಟ್ನಿ, ತೆಂಗಿನ ಕರಟದ ತುಂಬ ಗಂಜಿ. ಇಪ್ಪತ್ತು ವರ್ಷ ಹೊರಗಿನ ತುತ್ತು ಮುಟ್ಟದವಳು ಒಂದು ಅಗುಳೂ ಬಿಡದೆ ಉಂಡಳು.

ತಿರುಗಿ ಬಂದವಳು ಛತ್ರದ ಒಳಗೆ ಬರಲಿಲ್ಲ. ನಮ್ಮಿಂದ ದೂರ, ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಳು.

"ನಾ ಉಂಡೀನಿ. ಹೊತ್ತು ಮುಳುಗೂ ತನಕ ಯಾರೂ ಮುಟ್ಟಬ್ಯಾಡ್ರಿ. ನನ್ನ ಹತ್ತರಾನೂ ಬರಬ್ಯಾಡ್ರಿ. ನನಗ ಏನೂ ಆಗಲಿಲ್ಲಂದ್ರ ಎಲ್ಲಾರೂ ಉಣ್ರಿ."

ಆ ಹಗಲು ನಾನು ಮರೆತಿಲ್ಲ. ಎಲ್ಲರ ಕಣ್ಣೂ ಒಂದು ಕಂಬಳಿಯ ಮೇಲೆ. ಆಕೆ ಕೆಮ್ಮಿದರೆ ನಾವೆಲ್ಲ ಬಾಗಿಲಿಗೆ ಬರುತ್ತಿದ್ದೆವು. ಒಮ್ಮೆ ಎದ್ದು ಗೋಡೆಯ ಆಚೆ ಹೋದಳು. ಬಣ್ಣದ ಕಾಕಾ ಎದ್ದೇ ನಿಂತ. ಆಕೆ ತಿರುಗಿ ಬಂದು ನಮ್ಮ ಮುಖಗಳನ್ನು ನೋಡಿ, "ಏನ ಹಂಗ ನೋಡ್ತೀರಲೇ? ಮುದುಕಿ ನೀರಿಗಿ ಹೋಗಬಾರದೇನು?" ಎಂದು ಬೈದಳು. ಕಾಕಾ ಕೂತ.

ಮಧ್ಯಾಹ್ನ ಕಳೆದ ಮೇಲೆ ನನ್ನನ್ನು ದೂರದಿಂದಲೇ ಕರೆದಳು. "ಲೇ ತಮ್ಮಾ, ಬಾಗಿಲ ಕಡೀ ಮಗ್ಗದ ಮ್ಯಾಲ ಸೀರಿ ಹಾಸು ಅರ್ಧಕ್ಕ ನಿಂತೇತಿ. ಅಂಚಿಗಿ ಕೆಂಪು ಹಿಡದೀನಿ, ತಪ್ಪಿಸಬ್ಯಾಡ. ಅದನ್ನ ನೀನ ಮುಗಸು. ಆ ಮಗ್ಗಾನೂ ನೀನ ಇಟಗೋ."

"ಆಯಿ, ಹಂಗ್ಯಾಕ ಮಾತಾಡ್ತಿ?" ನಾನು ಕೂಗಿದೆ.

"ಒದರಬ್ಯಾಡ. ಎಳಿ ಕಡದರ ಏನ ಮಾಡಬೇಕು?"

"ಗಂಟ ಹಾಕಬೇಕು."

"ಹಾಂ. ಅಷ್ಟ."

ಮೋಡದಲ್ಲಿ ಸೂರ್ಯನೇ ಇರಲಿಲ್ಲ. ಹೊತ್ತು ಮುಳುಗಿತೋ ಇಲ್ಲವೋ ತಿಳಿಯುವ ಬಗೆ ಹೇಗೆ? ಕೊನೆಗೆ ಗುಡಿಯಲ್ಲಿ ಸಂಜೆಯ ಗಂಟೆ ಹೊಡೆದವು. ಆಯಿ ಕಂಬಳಿ ತೆಗೆದಳು. ಎರಡೂ ಚಪ್ಪಟೆ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಒಂದು ಗಳಿಗೆ ಕೂತಳು, ಒಳಗಿನ ಸಪ್ಪಳ ಕೇಳುವವಳ ಹಾಗೆ.

"ಹೋಗು. ಒಲಿ ಹಚ್ಚಂತ ಹೇಳು ಅಕೀಗಿ."

ನಾನು ಓಡಿದೆ. ಒಲೆ ಆಗಲೇ ಉರಿಯುತ್ತಿತ್ತು, ಗಡಿಗೆಯಲ್ಲಿ ಎಸರು ಕುದಿಯುತ್ತಿತ್ತು. ಆ ಹೆಂಗಸು ಹಗಲೆಲ್ಲ ಗರಿಯ ಸಂದಿಯಿಂದ ಆಯಿಯನ್ನು ನೋಡುತ್ತಲೇ ಇದ್ದಳಂತೆ, ಕೈಸನ್ನೆಯಿಂದ ಹೇಳಿದಳು. ಕಟ್ಟೆಯ ಕಡೆ ಬೆರಳು ತೋರಿಸಿ, ಹುಬ್ಬೆತ್ತಿ ಕೇಳಿದಳು. ನಾನು ತಲೆಯಾಡಿಸಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರಿಗಿಂತ ಮೊದಲು ನನ್ನ ಹೆಂಡತಿಗೆಂದು ಬಿಸಿ ಗಂಜಿ, ಬೇಯಿಸಿದ ತಾಳೆಮೊಳಕೆ, ಕರೀ ಬೆಲ್ಲದ ತುಂಡು ಕೊಟ್ಟಳು.

ಹೆಂಡತಿ ಉಂಡಳು. ಉಂಡದ್ದು ಹೊಟ್ಟೆಯಲ್ಲಿ ನಿಂತಿತು. ನಾವೆಲ್ಲ ತಲೆಯೆತ್ತದೆ ಉಂಡೆವು. ಆಯಿ ಮಾತ್ರ ಎರಡನೆಯ ಸಲ ಕಡುಬು ಮುರಿಯುತ್ತ, "ಕೈ ಛಲೋ ಐತಿ ಅಕಿದು. ಪಾಪ, ರೊಟ್ಟಿ ಬಡಿಯಾಕ ಬರೂದಿಲ್ಲ" ಅಂದಳು. ಗಾಳಿ ಎದ್ದ ಮೇಲೆ ನಾವು ಮೊದಲು ನಕ್ಕದ್ದು ಅಂದೇ. ಮೂರು ದಿನಕ್ಕೆ ಗಾಳಿ ನಿಂತು ಗಾಡಿ ಬಿಟ್ಟಿತು.

ಊರಿಗೆ ಬಂದ ಮೇಲೆ ಬಾಗಿಲ ಕಡೆಯ ಮಗ್ಗವನ್ನು ತಿರುಗಿ ಒಪ್ಪಿಸಲು ಹೋದೆ. "ಕೊಟ್ಟದ್ದು ಕೊಟ್ಟಂಗ" ಎಂದು ಒಲೆಯ ಕಡೆ ತಿರುಗಿದಳು. ನಾನು ಯಾರ ಮುಂದೂ ಕೈ ಒಡ್ಡದೆ ಬದುಕಿದವನು. ಆ ಮಗ್ಗ ಒಂದನ್ನು ಮಾತ್ರ ತಲೆ ಬಗ್ಗಿಸಿ ತಗೊಂಡೆ. ಬೇಸಿಗೆ ಕಳೆಯುವ ಹೊತ್ತಿಗೆ ಮಗ ಹುಟ್ಟಿದ. ಆಯಿಯೇ ಅವನ ಬಾಯಿಗೆ ಮೊದಲು ಜೇನು ಮುಟ್ಟಿಸಿದಳು, ತನ್ನ ನಾಲಿಗೆಗೆ ಒಂದು ಹನಿ ಹಚ್ಚಿ ನೋಡಿದ ಮೇಲೆ.

ಮಗ ಮಗ್ಗಕ್ಕೆ ಕೂಡುವಷ್ಟಾದಾಗ ಆಯಿ ಹಾಸಿಗೆ ಹಿಡಿದಳು. ದವಾಖಾನೆಗೆ ಸೇರಿಸಿದೆವು. ಅಲ್ಲಿಯ ಗಂಜಿ ಕಂಡು ಬಾಯಿ ಬಿಗಿದು ಮುಖ ತಿರುಗಿಸಿದಳು. ನರ್ಸಬಾಯಿ ಹೇಳಿದ್ದಾಯಿತು, ನನ್ನ ಹೆಂಡತಿ ಅತ್ತದ್ದಾಯಿತು. ನಾನು ಬಟ್ಟಲು ತಗೊಂಡು ಆಕೆಯ ಕಣ್ಣ ಮುಂದೆಯೇ ಅರ್ಧ ಕುಡಿದೆ.

"ನೋಡು ಆಯಿ, ನಾ ಉಂಡೀನಿ."

ಆಕೆ ಬಟ್ಟಲನ್ನೂ ನನ್ನನ್ನೂ ನೋಡಿದಳು. ತುಟಿಯ ಒಂದು ಬದಿ ನಕ್ಕಿತು.

"ಹೊತ್ತು ಮುಳುಗಲಿ."

ನಾನು ಮಗ್ಗ ಬಿಟ್ಟು ಅಂದು ಇಡೀ ಹಗಲು ಆ ಮಂಚದ ಪಕ್ಕ ಕೂತೆ. ಕಿಟಕಿಯ ಬಿಸಿಲು ಗೋಡೆಯ ಮೇಲೆ ಏರಿ, ಕೆಂಪಾಗಿ, ಹೋಯಿತು. ಆಯಿ ನನ್ನ ಮುಖ ನೋಡಿ, ನಾನು ನೆಟ್ಟಗೆ ಇದ್ದೇನೆಂದು ಖಾತ್ರಿ ಮಾಡಿಕೊಂಡು, ಬಾಯಿ ತೆರೆದಳು. ಬಿಸಿ ಗಂಜಿ ತರಿಸಿ ಉಣಿಸಿದೆ. ಮರುದಿನ ಹೊತ್ತು ಹುಟ್ಟುವ ಮೊದಲೇ ಹೋದಳು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಹೆಂಚಿನ ಮನೆ ಒಂದು. ಮಗ್ಗ ಐದು, ಅದರಲ್ಲಿ ನಾನು ದುಡಿದು ಹಾಕಿದ್ದು ನಾಲ್ಕು. ಹೆಣ್ಣುಮಕ್ಕಳು ಇಬ್ಬರು. ಮಗ ಒಬ್ಬ, ಆ ಐದನೆಯ ಮಗ್ಗಕ್ಕೆ ಕೂಡುವವನು.