ಕೊರಿಯಾ ಕಾರಿನ ಹಿಂದಿನ ಸೀಟು

ನನ್ನ ಕಾರು ಕೊರಿಯಾದವರು ಮಾಡಿದ್ದು. ಒಂದು ಕಾಲಕ್ಕೆ ಬೆಳಗಾವಿಯಲ್ಲಿ ದೊಡ್ಡ ವಕೀಲರು, ಕಾರ್ಖಾನೆ ಮಾಲೀಕರು ಇಂಥದ್ದರಲ್ಲಿ ಓಡಾಡುತ್ತಿದ್ದರು. ಈಗ ಅದರ ಬಿಡಿಭಾಗ ಸಿಗುವುದಿಲ್ಲ. ಪೆಟ್ರೋಲು ಕುಡಿಯುವುದರಲ್ಲಂತೂ ಬಕಾಸುರ. ಹಾಗಾಗಿ ಯಾರಿಗೂ ಬೇಡವಾಗಿ, ಲೇತ್ ಮಷಿನ್ನಿನ ಮುಂದೆ ಜೀವಮಾನ ಕಳೆದ ನನ್ನಂಥವನ ಪಾಲಿಗೆ ಬಂತು.

ಮೊದಲ ಸಲ ಬಾನೆಟ್ ಎತ್ತಿ ನೋಡಿದ ದಿನ ಕೈಯಲ್ಲಿದ್ದ ಚಹಾ ಆರಿ ಹೋಗಿತ್ತು. ಆರು ಸಿಲಿಂಡರು, ಮೂರು ಈ ಕಡೆ ವಾಲಿದ್ದರೆ ಮೂರು ಆ ಕಡೆ. ಒಂದು ಸಾಲಿನ ನಡುಕವನ್ನು ಇನ್ನೊಂದು ಸಾಲು ನುಂಗಿಬಿಡುತ್ತದೆ. ಅಷ್ಟಾಗಿಯೂ ಉಳಿದ ನಡುಕ ಒಳಗೆ ಬರಬಾರದೆಂದು ಎಂಜಿನ್ ಕೂರುವ ರಬ್ಬರಿನ ಹೊಟ್ಟೆಯಲ್ಲಿ ಎಣ್ಣೆ ತುಂಬಿದ್ದಾರೆ. ಎಂಜಿನ್ ಓಡುತ್ತಿದೆಯೋ ನಿಂತಿದೆಯೋ ತಿಳಿಯದೆ ನಾನು ಎಷ್ಟು ಸಲ ಮತ್ತೆ ಚಾವಿ ತಿರುಗಿಸಿ ಕಿರ್ರೆನ್ನಿಸಿದ್ದೇನೋ. ಮುಂದಿನ ಒಂದೊಂದು ಗಾಲಿಗೂ ಮೇಲೊಂದು ಕೆಳಗೊಂದು ಎರಡು ತೋಳು. ರಸ್ತೆ ಎಷ್ಟೇ ಕುಣಿಯಲಿ, ಆ ತೋಳುಗಳು ಗಾಲಿಯನ್ನು ಮಾತ್ರ ಕುಣಿಸಿ ಕಾರನ್ನು ಸುಮ್ಮನೆ ಬಿಡುತ್ತವೆ. ಟಿಳಕವಾಡಿಯ ರೈಲ್ವೆ ಗೇಟು ದಾಟಿದ್ದು ಹಿಂದೆ ಕೂತವರಿಗೆ ಗೊತ್ತಾಗುತ್ತಿರಲಿಲ್ಲ ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ನಾನು ಮಾತ್ರ ಒಂದು ಸಲವೂ ಹಿಂದೆ ಕೂತಿರಲಿಲ್ಲ.

ಖಾನಾಪುರದಲ್ಲಿ ನನ್ನ ಅಕ್ಕ ಇದ್ದಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಕನ್ನಡ ಶಾಲೆಯ ಶಿಕ್ಷಕಿ. ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದವಳು, ನನಗೆ ಮಗ್ಗಿ ಕಲಿಸಿದವಳು. ನಿವೃತ್ತಿಯಾದ ಮೇಲೆ ಅವಳ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಅದನ್ನು ತೆಗೆಸಿದರೂ ರೋಗ ಬೆನ್ನೆಲುಬಿಗೆ ಇಳಿಯಿತು. ವಾರಕ್ಕೊಮ್ಮೆ, ಮಂಗಳವಾರ, ಬೆಳಗಾವಿಯ ಆಸ್ಪತ್ರೆಗೆ ಬರಬೇಕು. ಬೆನ್ನಿಗೆ ಜರ್ಕು ಬೀಳಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಈ ಕಾರನ್ನು ದೇವರು ನನ್ನ ಬಾಗಿಲಿಗೆ ಕಳಿಸಿದ್ದು ಇದಕ್ಕೇ ಎಂದುಕೊಂಡೆ.

ಮೊದಲ ಮಂಗಳವಾರ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ ಕೂತ ಅಕ್ಕ ಮಲಪ್ರಭೆಯ ಸೇತುವೆ ದಾಟುವಷ್ಟರಲ್ಲಿ, "ಇದ ಕಾರ ಅಲ್ಲೋ ತಮ್ಮಾ, ತೊಟ್ಟಿಲಾ" ಅಂದಳು. ಬೆಳಗಾವಿ ಬರುವ ಹೊತ್ತಿಗೆ ನಿದ್ದೆ ಹೋಗಿದ್ದಳು. ನನ್ನ ಎದೆ ಎರಡು ಇಂಚು ಹಿಗ್ಗಿತು.

ಆ ತೊಟ್ಟಿಲಿಗೆ ಒಂದೇ ಐಬು. ಹೊಟ್ಟೆ ನೆಲಕ್ಕೆ ಹತ್ತಿರ. ಅಕ್ಕನ ಮನೆ ಊರಿನಾಚೆ, ಲೋಂಡಾ ಕಡೆಯ ತುದಿಗೆ. ಅಲ್ಲಿನ ಓಣಿಯನ್ನು ಮಳೆ ತಿಂದು ಹಾಕಿತ್ತು. ಉಳಿದ ಕಡೆ ಊರವರು ತಮ್ಮ ತಮ್ಮ ಮನೆ ಮುಂದೆ ಗಾಡಿಗಳ ವೇಗ ತಡೆಯಲು ತಾವೇ ಹಾಕಿಕೊಂಡ ಹಂಪುಗಳು. ಒಂದೊಂದು ಹಂಪಿಗೂ ಕಾರಿನ ಕೆಳಗಿನ ಎಣ್ಣೆ ಚೇಂಬರು ಖರ್ರೆಂದು ಉಜ್ಜುತ್ತಿತ್ತು. ಒಂದು ದಿನ ಅದು ಒಡೆದು, ನಡುದಾರಿಯಲ್ಲಿ ಅಕ್ಕನನ್ನು ಕೂರಿಸಿಕೊಂಡು ನಿಂತರೆ? ಆ ಭಯ ತಲೆ ಹೊಕ್ಕಿತು.

ನಮ್ಮ ಬೆಳಗಾವಿಯ ಲೇತಿನವರಿಗೆ ಒಂದು ಗರ್ವವಿದೆ. ಯಾವ ಭಾಗ ಸಿಗುವುದಿಲ್ಲ ಎಂದರೂ, "ಸಿಗಲಿಲ್ಲಂದ್ರ ಏನಾತ? ಅಳತಿ ಕೊಡ್ರಿ, ನಾ ಮಾಡಿ ಕೊಡ್ತೀನಿ" ಅನ್ನುತ್ತೇವೆ. ಯಾಕೆ ಬೇಕು, ಯಾರಿಗೆ ಬೇಕು ಎಂದು ಕೇಳುವುದಿಲ್ಲ, ಅಳತೆ ಕೇಳುತ್ತೇವೆ. ನಾನೂ ಹಾಗೇ ಮಾಡಿದೆ. ಸ್ಪ್ರಿಂಗಿನ ತಲೆಯ ಅಳತೆ ತೆಗೆದು ಅಲ್ಯೂಮಿನಿಯಮ್ಮಿನಲ್ಲಿ ನಾಲ್ಕು ರಿಂಗು ಕಡೆದೆ. ಅವನ್ನು ಸ್ಪ್ರಿಂಗಿನ ಮೇಲೆ ಕೂರಿಸಿದರೆ ಕಾರು ಒಂದೂವರೆ ಇಂಚು ಮೇಲೇಳುತ್ತದೆ. ಮುಖ ನೋಡಿಕೊಳ್ಳುವ ಹಾಗೆ ಪಾಲಿಶ್ ಮಾಡಿದೆ. ಕಾರಿನ ಕೆಳಗೆ ಕತ್ತಲಲ್ಲಿ ಕೂರುವ ವಸ್ತುವಿಗೆ ಪಾಲಿಶ್ ಯಾಕೆ ಬೇಕು? ಹಮ್ಮಿಗೆ ಬೇಕು.

ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಹತ್ತಿರ ಬಂದಿತ್ತು. ಪೂಜೆಯ ದಿನ ಅಕ್ಕನನ್ನು ವರ್ಕ್‌ಶಾಪಿಗೆ ಕರೆತಂದೆ. ಲೇತಿನ ಮೇಲೆ ವಸ್ತ್ರ ಹಾಸಿ ಉಳಿ, ಸುತ್ತಿಗೆ, ಅಳತೆಯ ವರ್ನಿಯರಿನ ಜೊತೆ ಆ ನಾಲ್ಕು ರಿಂಗನ್ನೂ ಇಟ್ಟು, ಅಕ್ಕನ ಕೈಯಿಂದಲೇ ವಿಭೂತಿ ಹಚ್ಚಿಸಿದೆ. "ನಿನ್ನ ಸಲುವಾಗೇ ಮಾಡೇನಕ್ಕಾ" ಅಂದೆ. ಅವಳು ಒಂದು ರಿಂಗನ್ನು ಎತ್ತಿ ಕಣ್ಣ ಹತ್ತಿರ ಹಿಡಿದು, "ಎಷ್ಟ ನುಣುಪ ಮಾಡೀಯೋ" ಅಂದು ಕಣ್ಣು ತುಂಬಿಕೊಂಡಳು.

ರಿಂಗು ಕೂತ ಮೇಲೆ ಕಾರು ಎಲ್ಲಿಯೂ ತಾಗಲಿಲ್ಲ. ಹಂಪುಗಳ ಮೇಲೆ ರಾಜನ ಹಾಗೆ ಹೋದೆ. ಕನ್ನಡಿಯಲ್ಲಿ ನೋಡಿದರೆ ಅಕ್ಕ ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು ಕೂತಿರುತ್ತಿದ್ದಳು. ಒಮ್ಮೊಮ್ಮೆ ತುಟಿ ಅಲುಗುತ್ತಿತ್ತು. ಶಿವಮಂತ್ರ ಹೇಳಿಕೊಳ್ಳುತ್ತಿದ್ದಾಳೆ ಎಂದು ನಾನು ಹಾಡಿನ ಸದ್ದು ಕಡಿಮೆ ಮಾಡುತ್ತಿದ್ದೆ. ಹೀಗೆ ಎಂಟು ಮಂಗಳವಾರ ಹೋದವು.

ಒಂಬತ್ತನೆಯ ಮಂಗಳವಾರ ಬಾಗಿಲಿಗೆ ಹೋದರೆ, "ಈ ವಾರ ಬ್ಯಾಡೋ, ಆರಾಮ ಅದೀನಿ" ಅಂದಳು. ಹತ್ತನೆಯ ವಾರವೂ ಅದೇ ಮಾತು. ನನ್ನ ಸಿಟ್ಟು ನೆತ್ತಿಗೇರಿತು. "ಮಕ್ಕಳಿಗಿ ಹಟಾ ಮಾಡಬ್ಯಾಡ್ರಿ ಅಂತ ಹೇಳಾಕಿ, ಈಗ ನೀನ ಹಟಾ ಮಾಡ್ತಿ? ಔಷಧ ತಪ್ಪಿದ್ರ ಏನಾಕ್ಕೈತಿ ಗೊತ್ತೈತಿ ಇಲ್ಲ?" ಎಂದು ಓಣಿಗೆ ಕೇಳುವ ಹಾಗೆ ಕೂಗಾಡಿದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ಅಕ್ಕನ ಗಂಡ ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಅಕ್ಕನ ಗಂಡನನ್ನು ನಮ್ಮಲ್ಲಿ ಮಾಮಾ ಅನ್ನುತ್ತೇವೆ. ಮಾತು ಕಡಿಮೆ. ಅವರು ನನ್ನ ಹಿಂದೆಯೇ ಅಂಗಳಕ್ಕೆ ಬಂದು ಕಾರಿನ ಪಕ್ಕ ನಿಂತರು.

"ಆಕಿ ಆಣಿ ಹಾಕಿಸ್ಯಾಳ, ಆದ್ರೂ ಹೇಳ್ತೀನಿ" ಅಂದರು. "ಆಸ್ಪತ್ರಿಗಿ ಹೋಗಿ ಬಂದ್ರ ಎರಡ ದಿನಾ ಆಕಿಗಿ ಕುಂದರಾಕ ಆಗೂದಿಲ್ಲ. ಔಷಧದಿಂದಲ್ಲ. ದಾರ್ಯಾಗ."

"ಕಾರನ್ಯಾಗ ಏನ ಆಕ್ಕೈತ್ರಿ ಮಾಮಾ? ಹೂವಿನಂಗ ಹೊಕ್ಕೈತಿ."

"ನೀ ಹಿಂದ ಕುಂದರು" ಅಂದು ಅವರು ಚಾವಿಗೆ ಕೈಚಾಚಿದರು.

ಈ ಕಾರಿಗೆ ಕ್ಲಚ್ಚಿಲ್ಲ. ಆಯುಷ್ಯವಿಡೀ ಬಸ್ಸಿನ ಕ್ಲಚ್ಚು ತುಳಿದ ಮಾಮಾರ ಎಡಗಾಲು ಸುಮ್ಮನಿರದೆ ಬ್ರೇಕನ್ನೇ ತುಳಿದುಬಿಡುತ್ತಿತ್ತು. ಅದಕ್ಕೆ ಅವರು ಎಡಗಾಲನ್ನು ಸೀಟಿಗೆ ಒತ್ತಿ ಮಡಚಿಕೊಂಡು ಕೂತರು. ನಾನು ಅಕ್ಕನ ಜಾಗದಲ್ಲಿ, ಅವಳ ದಿಂಬಿಗೆ ಒರಗಿ ಕೂತೆ. ಓಣಿ ದಾಟುವ ಮೊದಲೇ ಒಂದು ಗುಂಡಿ ಬಂತು. ದಢ್! ಕೆಳಗಿನಿಂದ ಯಾರೋ ಸುತ್ತಿಗೆಯಿಂದ ಟೊಂಕಕ್ಕೆ ಹೊಡೆದ ಹಾಗಾಯಿತು. ಇನ್ನೊಂದು ಗುಂಡಿ, ಇನ್ನೊಂದು ಪೆಟ್ಟು. ಗಟ್ಟಿಮುಟ್ಟಾದ ನನ್ನ ಬೆನ್ನೇ ಝುಂ ಅಂದಿತು.

ಮಾಮಾ ಕಾರು ನಿಲ್ಲಿಸಿದರು. "ಕಾರ ಮ್ಯಾಲ ಏಳೂದಷ್ಟ ನೋಡಿದಿ ನೀ. ಗುಂಡಿ ಬಂದ್ರ ಗಾಲಿ ಕೆಳಗ ಇಳೀಬೇಕಲ್ಲ? ಇಳ್ಯಾಕ ಜಾಗಾ ಎಲ್ಲಿ ಇಟ್ಟಿ?"

ನಾನು ಕಾರನ್ನು ಎತ್ತರಿಸಿ ಗಾಲಿಗಳನ್ನು ಮೊದಲೇ ಅವುಗಳ ಕೊನೆಯ ಮಿತಿಗೆ ಇಳಿಬಿಟ್ಟಿದ್ದೆ. ಗುಂಡಿ ಬಂದಾಗ ಗಾಲಿಗೆ ಇನ್ನೂ ಇಳಿಯಲು ದಾರಿಯಿರಲಿಲ್ಲ. ಪೆಟ್ಟು ನುಂಗಬೇಕಾದ ಶಾಕಪ್ಪು (ಶಾಕ್ ಅಬ್ಸಾರ್ಬರ್) ತುದಿಗೆ ಬಡಿದು, ಆ ಬಡಿತ ನೇರ ಸೀಟಿಗೆ ಬರುತ್ತಿತ್ತು. ಮೂವತ್ತು ವರ್ಷ ಲೋಹದ ಜೊತೆ ಬದುಕಿದ ನನಗೆ ಇದು ಹೊಳೆಯಲಿಲ್ಲ. ಅಕ್ಕ ಮಂತ್ರ ಹೇಳುತ್ತಿರಲಿಲ್ಲ, ಹಲ್ಲು ಕಚ್ಚಿ ಕೂತಿದ್ದಳು. ಎಂಟು ಮಂಗಳವಾರ, ಹೋಗುವಾಗ ಬರುವಾಗ, ಅವಳ ಮುರುಕು ಬೆನ್ನಿಗೆ ನಾನೇ ಸುತ್ತಿಗೆ ಹಾಕಿದ್ದೆ. ಮೇಲಿಂದ ಹಟಮಾರಿ ಎಂದು ಬೈದಿದ್ದೆ. ಹಿಂದಿನ ಸೀಟಿನಲ್ಲಿ ಕೂತು ನಾನು ಅತ್ತೆ. ಮಾಮಾ ಕಾರನ್ನು ಅಂಗಳಕ್ಕೆ ತಿರುಗಿಸಿ ತಂದು ನನಗೆ ಚಾವಿ ಕೊಟ್ಟರು.

ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ. ನೇರ ಬೆಳಗಾವಿಗೆ ಬಂದು ಅವತ್ತೇ ರಿಂಗುಗಳನ್ನು ಕಿತ್ತೆ. ಮರುದಿನ ಬೆಳಿಗ್ಗೆ ಮತ್ತೆ ಖಾನಾಪುರಕ್ಕೆ ಹೋಗಿ ಅಕ್ಕನ ಮಂಚದ ಬದಿಗೆ ಕೂತು, "ತಗದೇನಕ್ಕಾ" ಅಂದೆ. "ಒಂದ ಮಾತ ಹೇಳಬಾರದಾಗಿತ್ತಾ?"

ಅವಳು ಮಾಮಾರ ಕಡೆ ಒಮ್ಮೆ ಹುಬ್ಬು ಗಂಟಿಕ್ಕಿ ನೋಡಿ, ನನ್ನ ಕೈ ಹಿಡಿದಳು. "ಅಷ್ಟ ನುಣುಪ ಮಾಡಿದ್ದಿಯಲ್ಲೋ. ನನ್ನ ಬೆನ್ನ ಅಂತೂ ಕೆಟ್ಟೈತಿ. ನಿನ್ನ ಮನಸ ಯಾಕ ಕೆಡಸ್ಲಿ ಅಂದಕೊಂಡೆ."

ಒಂದು ದಿನ ತಡವಾದರೂ ಆಸ್ಪತ್ರೆಗೆಂದು ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸಿದೆವು. ಮೊದಲ ಹಂಪಿಗೇ ಚೇಂಬರು ಖರ್ರೆಂದಿತು. "ಏನೋ ತಾಗಿತ ನೋಡೋ" ಅಂದಳು. "ತಾಗ್ಲಿ ಬಿಡಕ್ಕಾ" ಅಂದೆ. ಎರಡನೆಯದು, ಮೂರನೆಯದು, ಎಲ್ಲಕ್ಕೂ ತಾಗಿತು. ಅಷ್ಟು ಹಿತವಾದ ಸದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಹೆದ್ದಾರಿಗೆ ಬಂದು ಕನ್ನಡಿಯಲ್ಲಿ ನೋಡಿದೆ. ಅಕ್ಕನ ಬಾಯಿ ಸ್ವಲ್ಪ ತೆರೆದಿತ್ತು, ಕತ್ತು ದಿಂಬಿಗೆ ವಾಲಿತ್ತು, ಗೊರಕೆ ಸಣ್ಣಗೆ ಕೇಳುತ್ತಿತ್ತು. ಆಸ್ಪತ್ರೆ ಬಂದರೂ ಎಬ್ಬಿಸಲು ಮನಸ್ಸಾಗದೆ ಬೆಳಗಾವಿ ಕೋಟೆಯ ಸುತ್ತ ನಿಧಾನಕ್ಕೆ ಎರಡು ಸುತ್ತು ಹಾಕಿದೆ.

ಆಮೇಲೆ ಅಕ್ಕ ನಮಗೆ ಸಿಕ್ಕಿದ್ದು ಆರೇ ವಾರ. ತಪ್ಪಿದ ಆ ಒಂದು ವಾರದ ಔಷಧದಿಂದ ಏನೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವರು ಒಳ್ಳೆಯವರು, ಹಾಗೆ ಹೇಳುತ್ತಾರೆ. ಆ ಎಂಟು ಮಂಗಳವಾರಗಳನ್ನು ಮಾತ್ರ ಯಾವ ಡಾಕ್ಟರೂ ವಾಪಸು ತಗೊಳ್ಳಲಾರರು.

ಈ ವರ್ಷದ ಖಂಡೆ ಪೂಜೆಗೆ ಮಾಮಾರನ್ನು ಕರೆತಂದಿದ್ದೆ. ಲೇತಿಗೆ, ವರ್ನಿಯರಿಗೆ ವಿಭೂತಿ ಹಚ್ಚಿದೆ. ರಿಂಗುಗಳು ಅಲ್ಲಿರಲಿಲ್ಲ, ಫೌಂಡ್ರಿಯ ಗೆಳೆಯನಿಗೆ ಕೊಟ್ಟು ಎಂದೋ ಕರಗಿಸಿಬಿಟ್ಟಿದ್ದೆ. ಕಾರಿಗೆ ಬಾನೆಟ್ಟಿನ ಮೇಲೆ ಹೂವಿನ ಮಾಲೆ ಹಾಕುವುದು ವಾಡಿಕೆ. ನಾನು ಮಾಲೆ ಹಿಡಿದುಕೊಂಡು ಮುಂದೆ ಹೋದವನು ತಿರುಗಿ ಬಂದೆ. ಹಿಂದಿನ ಬಾಗಿಲು ತೆಗೆದು, ಅಕ್ಕ ಕೂರುತ್ತಿದ್ದ ಕಡೆ, ದಿಂಬಿನ ಮೇಲೆ ಅದನ್ನು ಇಟ್ಟೆ.

"ಅಲ್ಲೇ ಇರ್ಲಿ" ಅಂದರು ಮಾಮಾ. ಕೈಮುಗಿದು, ನನ್ನ ಕೈಯಿಂದ ಚಾವಿ ತಗೊಂಡು, ಎಡಗಾಲು ಮಡಚಿ ಡ್ರೈವರ್ ಸೀಟಿನಲ್ಲಿ ಕೂತರು. ನಾನು ಹಿಂದೆ, ಹೂವಿನ ಪಕ್ಕದಲ್ಲಿ ಕೂತೆ.