ನಗದವನಿಗೆ ಹೇಳಿದ ನೋವು

ಓಕ್ಲ್ಯಾಂಡಿನ ನಮ್ಮ ಆಸ್ಪತ್ರೆಯಲ್ಲಿ ಮಂಡಿನೋವಿನ ಹೊಸ ಮಾತ್ರೆಯ ಟ್ರಯಲ್ ನಡೀತಿತ್ತು. ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಹೋಲಿಸಿ ನೋಡೋಕೆ ಕೊಡೋ ಬರೀ ಸಕ್ಕರೆ ಮಾತ್ರೆ ಅನ್ನೋದು ನನಗೂ ಗೊತ್ತಿರಲಿಲ್ಲ. ಮಾತ್ರೆ ಕೊಟ್ಟು, ನೋವು ಎಷ್ಟಿದೆ ಅಂತ ಕೇಳಿ ಬರೆದುಕೊಳ್ಳೋದಷ್ಟೇ ನನ್ನ ಕೆಲಸ.

ತಿಂಗಳಿಂದ ಮಾತ್ರೆ ನುಂಗುತ್ತಿದ್ದ ಮಂಡ್ಯ ಕಡೆಯ ಜಯಮ್ಮ ಬಂದರು. "ನೋವು ಹತ್ತಕ್ಕೆ ಎಷ್ಟಿದೆ ಆಂಟಿ?" ಅಂದೆ.

"ಸೊನ್ನೆ ಕಣವ್ವ! ನಿನ್ನ ಮಾತ್ರೆ ಅಂದ್ರೆ ಮಾತ್ರೆ!" ಅಂದವರು, ಕುರ್ಚಿಯಿಂದ ಏಳಲಾಗದೆ ನನ್ನ ಭುಜ ಹಿಡಿದು "ಅಯ್ಯಪ್ಪಾ" ಅಂದರು.

"ಆಂಟಿ, ನಿಜ ಹೇಳಿ."

"ನಮ್ಮ ಕಡೆ ಹುಡುಗಿ ಅಷ್ಟು ಪ್ರೀತಿಯಿಂದ ಕೊಟ್ಟಿದ್ದನ್ನ ಚೆನ್ನಾಗಿಲ್ಲ ಅನ್ನಕ್ಕಾಯ್ತದಾ?" ಅಂದರು, ನಾನೇ ಅಡುಗೆ ಮಾಡಿ ಬಡಿಸಿದ ಹಾಗೆ.

ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರಿಗೆ ನಡೆದದ್ದನ್ನು ಹೇಳಿದೆ. ಇನ್ನು ಮುಂದೆ ಜಯಮ್ಮನನ್ನು ಕೇಳೋದು ನನ್ನ ಸಹೋದ್ಯೋಗಿ ಪೀಟರ್, ಭಾಷೆಗೆ ಫೋನಿನಲ್ಲೊಬ್ಬ ದುಭಾಷಿ ಅಂತ ತೀರ್ಮಾನವಾಯಿತು. ಪೀಟರ್ ಸದಾ ಗಂಟುಮುಖದ ಮನುಷ್ಯ.

ಮುಂದಿನ ಸಲ ಜಯಮ್ಮ ಅವನ ರೂಮಿನಿಂದ ಕುಂಟುತ್ತಲೇ, ನಗುತ್ತಾ ಹೊರಗೆ ಬಂದರು. "ಎಂಟು ಅಂದ್ಬುಟ್ಟೆ ಕಣವ್ವ. ಆವಯ್ಯ ನಗೋದೇ ಇಲ್ಲ, ಅವನಿಗೆ ಬೇಜಾರಾಯ್ತದೆ ಅನ್ನೋ ಭಯ ನಂಗ್ಯಾಕೆ?"

ರೋಗಿಗಳನ್ನು ನಗುಮುಖದಿಂದ ಮಾತಾಡಿಸಬೇಕು ಅಂತ ಆಸ್ಪತ್ರೆಯವರು ಪೀಟರನಿಗೆ ಎರಡು ಸಲ ಟ್ರೇನಿಂಗ್ ಕೊಡಿಸಿದ್ದರು. ಪುಣ್ಯಕ್ಕೆ, ಅವನು ಕಲಿತಿರಲಿಲ್ಲ.